ಅಮರಮ್ಮನ ಅರ್ಧ ತೊಟ್ಟಿಲು

ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವನಿಗೆ ಮೊದಲು ಹೋಗುವುದು ಮಾನ, ಆಮೇಲೆ ಸೊಂಟ. ರಾಯಚೂರಿನ ಬಜಾರಿನಲ್ಲಿ ನಾನು ದಿನವಿಡೀ ಗಾದಿಯ ಮೇಲೆ ಕುಳಿತು ಸೀರೆ ಬಿಚ್ಚಿ ಹರವುತ್ತಿದ್ದೆ. ಬಂದವರು ಎಲ್ಲವನ್ನೂ ಮುಟ್ಟಿ, ಉಜ್ಜಿ, ಬಿಸಿಲಿಗೆ ಹಿಡಿದು ನೋಡಿ, "ಇನ್ನೊಂದ್ ಅಂಗಡಿ ನೋಡ್ಕೊಂಡು ಬರ್ತೀವ್ರಿ" ಎಂದು ಎದ್ದು ಹೋಗುತ್ತಿದ್ದರು. ನಾನು ಮತ್ತೆ ಮಡಿಸುತ್ತಿದ್ದೆ. ದೇವಸುಗೂರಿನಲ್ಲಿ ನಮ್ಮವ್ವ ಮಾತ್ರ "ನಮ್ಮ ಸೂಗಪ್ಪ ದೊಡ್ಡ ಅಂಗಡ್ಯಾಗ ಕುಂಡ್ರತಾನ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಕುಂಡ್ರುವುದು ಖರೆ. ಅದೊಂದನ್ನು ನಾನು ಚೆನ್ನಾಗಿಯೇ ಮಾಡುತ್ತಿದ್ದೆ.

ಇಂಥ ನನ್ನ ಹೊಟ್ಟೆಯ ಜವಾಬ್ದಾರಿ ಹೊತ್ತವಳು ಗಂಜ್ ಎಂಬ ಕಾಳುಕಡಿಯ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದ ಅಮರಮ್ಮ. ದೇವದುರ್ಗದ ಕಡೆ ಅರಕೇರಾದವಳು. ಗಂಡ ಗಂಜಿನಲ್ಲಿ ಹಮಾಲಿ ಮಾಡಿಕೊಂಡಿದ್ದ. ಅವನು ತೀರಿಕೊಂಡ ಮೇಲೆ ಹಮಾಲರಿಗೆ ರೊಟ್ಟಿ ಮಾರುತ್ತ ಮಾರುತ್ತ ಆ ಒಂದೇ ಕೋಣೆಯ ಮನೆ ಖಾನಾವಳಿಯಾಯಿತು. ಮಕ್ಕಳಿರಲಿಲ್ಲ. ಐವತ್ತರ ಆಚೆಗಿನ ವಯಸ್ಸು, ಅಗಲವಾದ ಮಣಿಕಟ್ಟು, ಅದಕ್ಕಿಂತ ಅಗಲವಾದ ಬಾಯಿ. ತಡವಾಗಿ ಬಂದರೆ "ಬರ್ರಿ ಸಾಹುಕಾರ್ರ, ಹಂಚು ಆರಿಸಿ ಕಾಯಾಕತ್ತೀನಿ" ಎನ್ನುತ್ತಿದ್ದಳು. ಆದರೆ ಬೈಯುತ್ತಲೇ ಬಿಸಿ ರೊಟ್ಟಿಯನ್ನೂ ಹಾಕುತ್ತಿದ್ದಳು. ಅವಳು ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೆ ಕೇಳುತ್ತಿತ್ತು. ಹಲಗಿಯ ತಾಳದಂಥ ಸಪ್ಪಳ.

ಅವಳ ಬಲ ಮುಂಗೈ ಮೇಲೆ ಒಂದು ಹಚ್ಚೆ ಇತ್ತು. ಒಂದು ಹಗ್ಗ, ಅದಕ್ಕೆ ಜೋತುಬಿದ್ದ ಮುರುಕು ಪೆಟ್ಟಿಗೆಯಂಥದ್ದೇನೋ. ನಾನು ಬಹಳ ದಿನ ಅದನ್ನು ಬಾವಿಯ ಕೊಡ ಎಂದುಕೊಂಡಿದ್ದೆ. ಅದು ತೊಟ್ಟಿಲು, ಅರ್ಧ ತೊಟ್ಟಿಲು ಎಂದು ಗೊತ್ತಾದದ್ದು ಅರಕೇರಾದಿಂದ ಸುದ್ದಿ ಬಂದ ದಿನ. ಅವಳ ಅಕ್ಕ ಕನಕಮ್ಮನ ಮೊಮ್ಮಗಳು ಹಡೆದಿದ್ದಳು. ಬರುವ ಹುಣ್ಣಿಮೆಗೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ, ಬರಬೇಕು ಎಂದು ಬಸ್ಸಿಳಿದು ಬಂದ ಹುಡುಗ ಹೇಳಿ ಹೋದ. ಅಮರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ತನ್ನ ಕೈಯನ್ನೇ ನೋಡಿಕೊಂಡಳು.

"ಈ ಸಲ ತೊಟ್ಟಿಲ ಹಗ್ಗ ನಾನೇ ಜಗ್ಗಾಕಿ" ಎಂದಳು.

ಊಟಕ್ಕೆ ಕುಳಿತಿದ್ದ ನನಗೂ ಅಬ್ದುಲ್ ವಹೀದನಿಗೂ ಅರ್ಥವಾಗಲಿಲ್ಲ. ವಹೀದ್ ಗಡಿಯಾರ ರಿಪೇರಿಯವನು, ನನ್ನ ಕೋಣೆಯ ಜೊತೆಗಾರ; ಅಮರಮ್ಮನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ. "ಜಗ್ಗು ಖಾಲಾ, ಯಾರ್ ಬ್ಯಾಡಂದ್ರು?" ಎಂದ.

ಆಗ ಹೇಳಿದಳು. ಸಣ್ಣಾಕಿ ಇದ್ದಾಗ ಅಕ್ಕ ತಂಗಿ ಇಬ್ಬರನ್ನೂ ಹಚ್ಚೆ ಹಾಕಿಸಲು ಕೂರಿಸಿದ್ದರಂತೆ. ಅಕ್ಕ ಹಲ್ಲು ಕಚ್ಚಿ ಕುಳಿತು ತೊಟ್ಟಿಲು ಪೂರ್ತಿ ಮಾಡಿಸಿಕೊಂಡಳು. ಇವಳು ಅರ್ಧಕ್ಕೇ ಹಚ್ಚೆಯವಳ ಕೈ ಕಚ್ಚಿ ಓಡಿ, ಬಣವೆಯಲ್ಲಿ ಅಡಗಿ ಕುಳಿತಳು. ಮರುದಿನ ಹೊರಬರುವ ಹೊತ್ತಿಗೆ ಹಚ್ಚೆಯವಳು ಮುಂದಿನ ಊರಿಗೆ ಹೋಗಿದ್ದಳು. ಆಮೇಲೊಂದು ನಾಮಕರಣದಲ್ಲಿ ಇವಳು ತೊಟ್ಟಿಲ ಹಗ್ಗಕ್ಕೆ ಕೈ ಹಾಕಿದಾಗ ದೊಡ್ಡತ್ತಿಯೊಬ್ಬಳು, "ಅರ್ಧ ತೊಟ್ಟಿಲದಾಕಿ ಹಗ್ಗ ಹಿಡೀಬಾರದು, ಏಳು" ಎಂದಳಂತೆ. ಅಂದಿನಿಂದ ಅರಕೇರಾದಲ್ಲಿ ಯಾವ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಅಮರಮ್ಮನ ಜಾಗ ಒಲೆಯ ಮುಂದೆ. ಹಾಡು ಗೋಡೆಯ ಆಚೆಯಿಂದ ಕೇಳುತ್ತಿತ್ತು, ಅಷ್ಟೇ.

"ಅದಕ್ಕ ಈಗ ಪೂರ್ತಿ ಮಾಡಿಸ್ತೀನಿ" ಎಂದಳು. "ಯಾ ಮುದುಕಿ ಏನಂತಾಳ ನೋಡೂಣು."

ಮಾನ್ವಿಯ ಮೂಕಮ್ಮ ಸಂತೆಯ ದಿನ ರಾಯಚೂರಿಗೆ ಬಂದು ಹಚ್ಚೆ ಹಾಕುತ್ತಿದ್ದಳು. ಹೆಸರಿಗೆ ಮೂಕಮ್ಮ, ಮಾತು ಶುರುವಾದರೆ ಸೂಜಿಗಿಂತ ಬಾಯಿಯೇ ಹೆಚ್ಚು ಓಡುತ್ತಿತ್ತು. ಖಾನಾವಳಿಯ ಕಟ್ಟೆಯ ಮೇಲೆ ಕೂತು, ದೀಪದ ಮಸಿ ಕಲಸಿ, ಒಟ್ಟಿಗೆ ಕಟ್ಟಿದ ಸೂಜಿಗಳಿಂದ ಚುಚ್ಚತೊಡಗಿದಳು. ಅಮರಮ್ಮ ಈ ಸಲ ಕಚ್ಚಲಿಲ್ಲ. ಕಣ್ಣು ಮುಚ್ಚಿಕೊಂಡು ಗಂಜಿನ ದಲಾಲರನ್ನೆಲ್ಲ ಹೆಸರು ಹಿಡಿದು ಬೈದಳು. ಎರಡನೇ ಹಗ್ಗ ಬಂತು, ತೊಟ್ಟಿಲಿಗೆ ತಳ ಬಂತು, ಒಳಗೊಂದು ಚುಕ್ಕಿಯ ಕೂಸೂ ಬಂತು. ರಕ್ತ ನೋಡಿ ತಲೆ ತಿರುಗಿ ಕೂತವನು ನಾನು. ಮೂಕಮ್ಮ ಅಮರಮ್ಮನನ್ನು ಬಿಟ್ಟು ನನಗೆ ನೀರು ಕೊಟ್ಟಳು.

ಆಮೇಲೆ ಪಥ್ಯ ಹೇಳಿದಳು. "ತಣ್ಣೀರಾಗ ತೊಳಿ, ತಿಕ್ಕಬ್ಯಾಡ. ಅರಿಷಿಣ, ಔಡಲೆಣ್ಣಿ ತೆಳ್ಳಗ ಹಚ್ಚು. ಬಿಸಲಾಗ ತಿರಗಬ್ಯಾಡ. ಬದನಿಕಾಯಿ ನಂಜು, ಬಾಯಾಗ ಇಡಬ್ಯಾಡ. ಹಕ್ಕಳಿ ತಾನೇ ಉದರಬೇಕು ಬೇ. ಕೆರದು ಕಿತ್ತಿದ್ರ ಅದರ ಜೋಡಿ ಗೆರಿನೂ ಬರ್ತದ. ಮತ್ತ, ಒಲಿ ಮುಂದ ಕುಂಡ್ರಬ್ಯಾಡ. ಝಳಕ್ಕ ಕೈ ಉಬ್ಬತದ."

"ಒಲಿ ಮುಂದ ಕುಂಡ್ರಬ್ಯಾಡ?" ಅಮರಮ್ಮ ಕೋಣೆಯ ಸುತ್ತ ಕಣ್ಣು ಹಾಯಿಸಿದಳು. "ಈ ಮನಿಯಾಗ ಒಲಿ ಬಿಟ್ರ ಕುಂಡ್ರಾಕ ಬ್ಯಾರೆ ಜಾಗ ಎಲ್ಲದ?"

ರೊಟ್ಟಿಗೆಂದು ಓಣಿಯ ಹೆಂಗಸೊಬ್ಬಳನ್ನು ಕರೆದಳು. ಅವಳ ರೊಟ್ಟಿ ದಪ್ಪವೆಂದು ಸಂಜೆಗೇ ಓಡಿಸಿದಳು. ಉಳಿದವರು ನಾವು. ಉಪವಾಸ ಇರಬೇಕು, ಇಲ್ಲವೇ ಬಡಿಯಬೇಕು.

"ಗಡಿಯಾರದ ಹಲ್ಲು ಕೂಡ್ಸೋ ಕೈ ಇದು, ರೊಟ್ಟಿ ಏನ್ ಮಹಾ ಖಾಲಾ!" ಎಂದು ವಹೀದ್ ಕೂತ. ನಾಚಿಕೆಯ ಸಂಗತಿ ಏನೆಂದರೆ, ಅವನದು ಗುಂಡಗೆ ಬಂತು. ನನ್ನದನ್ನು ಅಮರಮ್ಮ ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

"ಏನಿದು?"

"ರೊಟ್ಟಿರೀ."

"ಮಾನ್ವಿ ತಾಲೂಕಿನ ನಕ್ಷಾ ಆಗೇದಲ್ಲಲೇ. ಈ ಸಂದಿನ್ಯಾಗ ಬೇಕಾದ್ರ ತುಂಗಭದ್ರಾ ಬಿಡಬಹುದು."

ಅಂಗಡಿಯ ಚಟಕ್ಕೆ ನಾನು ಬೆಂದ ರೊಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿಡುತ್ತಿದ್ದೆ. "ಸೆರಗು ಯಾ ಕಡಿ ಅದರೀ ಇದಕ್ಕ?" ಎಂದು ಹಮಾಲರು ಕೇಳುತ್ತಿದ್ದರು. ಒಬ್ಬನಂತೂ ಅರ್ಧ ತಿಂದು, "ಇನ್ನೊಂದ್ ಅಂಗಡಿ ನೋಡ್ಕೊಂಡು ಬರ್ತೀನ್ರಿ" ಎಂದು ಎದ್ದೇಬಿಟ್ಟ.

ಅಮರಮ್ಮ ಬಾಗಿಲ ಹತ್ತಿರ ನೆರಳಲ್ಲಿ ಕೂತು, ಹಳದಿ ಕೈಯನ್ನು ಹಡೆದವಳು ಕೂಸನ್ನು ಇಟ್ಟುಕೊಂಡಂತೆ ಮಡಿಲಲ್ಲಿ ಇಟ್ಟುಕೊಂಡಿರುತ್ತಿದ್ದಳು. ತುರಿಕೆ ಶುರುವಾದಾಗ ನೋಡಬೇಕಿತ್ತು ಅವಳನ್ನು. ಬಲಗೈ ತುರಿಸಿದರೆ ಎಡಗೈ ಕೆರೆದುಕೊಳ್ಳುತ್ತಿದ್ದಳು, ಅದೂ ಸಾಲದೆ ಗೋಡೆ ಕೆರೆಯುತ್ತಿದ್ದಳು, ಕಡೆಗೆ "ಲೇ ಸೂಗಪ್ಪಾ, ಏನರ ತಪ್ಪು ಮಾಡಲೇ, ಬೈಬೇಕು" ಎನ್ನುತ್ತಿದ್ದಳು. ಆ ಸೌಕರ್ಯಕ್ಕೆ ನಾನೆಂದೂ ಕೊರತೆ ಮಾಡಲಿಲ್ಲ. ಇನ್ನು ಬದನೆಕಾಯಿ ಎಣ್ಣೆಗಾಯಿ ಅವಳ ಖಾನಾವಳಿಯ ಹೆಸರುವಾಸಿ ಪಲ್ಯ. ಅದರ ವಾಸನೆ ಬಂದಾಗ ಮುಖವನ್ನು ಓಣಿಯ ಕಡೆ ತಿರುಗಿಸಿ ಕೂರುತ್ತಿದ್ದಳು.

ಹಕ್ಕಳೆ ಕಟ್ಟಿತು, ಒಣಗಿತು, ಅಂಚಿನಲ್ಲಿ ಏಳತೊಡಗಿತು. ಕೆಳಗೆ ಕಪ್ಪು ಹಸಿರು ಗೆರೆ ಹೊಳೆಯುತ್ತಿತ್ತು. ಬಂದವರಿಗೆಲ್ಲ ಅನ್ನಕ್ಕೆ ಮೊದಲು ಕೈ ತೋರಿಸುತ್ತಿದ್ದಳು.

ಅಷ್ಟರಲ್ಲಿ ಅದು ನಡೆಯಿತು. ನಾನು ಹಂಚಿನ ಮೇಲೆ ರೊಟ್ಟಿ ಹಾಕಿ ವಹೀದನ ಜೊತೆ ವಾದಕ್ಕಿಳಿದಿದ್ದೆ. ವಾದ ಯಾವುದರ ಬಗ್ಗೆಯೋ ಮರೆತಿದ್ದೇನೆ, ಸೋತದ್ದು ನಾನು. ಹೊಗೆ ಎದ್ದಿತು. "ಹತ್ತಿತಲೇ!" ಎಂದು ಕೂಗುತ್ತ ಅಮರಮ್ಮ ಹಾರಿ ಬಂದು ಸುಡುವ ರೊಟ್ಟಿಗೇ ಕೈ ಹಾಕಿದಳು. ಮುಂಗೈ ಒಲೆಯ ಗೋಡೆಗೆ ಉಜ್ಜಿತು. ಹೊಸ ಹಗ್ಗದ ಮೇಲಿನ ಹಕ್ಕಳೆ ಕಿತ್ತು ಬಂದು, ಅಲ್ಲೊಂದು ಕೆಂಪು ಹನಿ ನಿಂತಿತು.

ಅವಳು ಬೈಯಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

"ಹಗ್ಗ ಹರೀತು" ಎಂದಳು ಮೆಲ್ಲಗೆ. "ಅರ್ಧ ತೊಟ್ಟಿಲಾದ್ರೂ ನಡೀತಿತ್ತು. ಹಗ್ಗ ಹರದದ್ದು ತಗೊಂಡು ಕೂಸಿನ ಮುಂದ ಹ್ಯಾಂಗ ಹೋಗಲಿ?"

ಸಮಾಧಾನಕ್ಕೆಂದು ವಹೀದ್, "ಒಂದ್ ಹಲ್ಲು ಮುರಿದ್ರ ಗಡಿಯಾರ ನಿಲ್ತದ ಖಾಲಾ, ಹಚ್ಚಿಗೆ ಏನಾಗ್ತದ?" ಎಂದ. ಅವನನ್ನು ಹೊರಗೆ ಎಳೆದುಕೊಂಡು ಹೋದೆ.

ಅಂಗಡಿಗೆ ಜ್ವರವೆಂದು ಹೇಳಿ ಕಳುಹಿಸಿ ಮಾನ್ವಿಯ ಬಸ್ಸು ಹತ್ತಿದೆ. ಬಸ್ಸಿನಲ್ಲಿ ನಮ್ಮ ಸಾಹುಕಾರರ ಭಾವಮೈದುನ ನನ್ನ ಪಕ್ಕದಲ್ಲೇ ಕೂತು ಬಂದದ್ದು ಬೇರೆ ಕಥೆ. ಮೂಕಮ್ಮ ಎಲ್ಲ ಕೇಳಿ ಕೈ ಅಲ್ಲಾಡಿಸಿದಳು. "ಹಸಿ ಗಾಯದ ಮ್ಯಾಲೆ ಸೂಜಿ ಇಡಬಾರದು ತಮ್ಮಾ. ಪೂರ್ತಿ ಮಾಯ್ಲಿ, ಆಮ್ಯಾಲೆ ತುಂಬತೀನಿ. ಹುಣ್ಣಿವಿಗೆ ಆಗೂದಿಲ್ಲ."

ಹುಣ್ಣಿಮೆಯ ಹೊತ್ತಿಗೆ ಗಾಯವೇನೋ ಮಾಯ್ದಿತ್ತು. ಹಗ್ಗದ ನಡುವೆ ಜೋಳದ ಕಾಳಿನಷ್ಟು ಜಾಗ ಖಾಲಿ ಉಳಿಯಿತು. ಅಮರಮ್ಮ ಹೊರಟಳು, ಆದರೆ ತೊಟ್ಟಿಲಿಗಲ್ಲ. "ರೊಟ್ಟಿ ಬಡ್ಯಾಕರ ಹೋಗಬೇಕಲ್ಲ" ಎಂದಳು. ಹಿಟ್ಟಿನ ಚೀಲ ಹೊರಲು ನಾವಿಬ್ಬರು. ಕಲ್ಮಲ ದಾಟಿ ದೇವದುರ್ಗ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಸೆರಗು ಹೊದ್ದು ಕೈ ಮುಚ್ಚಿಕೊಂಡಿದ್ದಳು.

ಅರಕೇರಾದ ಮನೆ ಹೊಕ್ಕವಳೇ ನೆಟ್ಟಗೆ ಒಲೆಯ ಕಡೆ ನಡೆದಳು. ಕನಕಮ್ಮ ಅಡ್ಡ ಬಂದು ಕೈ ಹಿಡಿದು, ಸೆರಗು ಸರಿಸಿ ನೋಡಿದಳು.

"ಈ ವಯಸ್ಸಿನ್ಯಾಗ ಯಾಕ ಬೇ ಇದು?"

"ಅರ್ಧ ತೊಟ್ಟಿಲದಾಕಿ ಹಗ್ಗ ಹಿಡೀಬಾರದು ಅಂದಿದ್ರಲ್ಲ."

"ಯಾರಂದ್ರು?"

"ದೊಡ್ಡತ್ತಿ."

"ಆಕಿ ಸತ್ತು ಯಾ ಕಾಲಾತು! ಆಮ್ಯಾಲೆ ಯಾರರ ಅಂದಾರೇನು?"

"ಮತ್ತ ಪ್ರತಿ ಸಲ ಒಲಿ ಮುಂದ ಕುಂಡ್ರಸತಿದ್ರಿ?"

ಕನಕಮ್ಮ ನಕ್ಕಳು. "ನಿನ್ನಂಗ ರೊಟ್ಟಿ ಈ ಮನಿಯಾಗ ಯಾರಿಗೆ ಬರ್ತಾವ? ಒಳಗ ಕರದಿದ್ರ ಮಂದಿ ಉಪಾಸ ಹೋಗತಿದ್ರು."

"ಹೇಳಬೇಕಿಲ್ಲೇನು ಇದನ್ನ?"

"ಹೇಳಿದ್ರ ನೀ ಒಲಿ ಮುಂದ ಕುಂಡ್ರತಿದ್ಯಾ?"

ಅಮರಮ್ಮನಿಗೆ ಸಿಟ್ಟು ಬಂತೋ ನಗು ಬಂತೋ ನನಗೆ ತಿಳಿಯಲಿಲ್ಲ. ಅಕ್ಕ ಹೇಳಿದ್ದು ಪೂರ್ತಿ ಖರೆಯೋ, ಅರ್ಧವೋ ಎಂಬುದೂ ತಿಳಿಯಲಿಲ್ಲ. ಅಮರಮ್ಮ ಮಾತ್ರ ತಿರುಗಿ, ಹಿಟ್ಟಿನ ಚೀಲ ಹೊತ್ತು ನಿಂತಿದ್ದ ನಮ್ಮಿಬ್ಬರ ಕಡೆ ಬೆರಳು ಮಾಡಿದಳು. "ರೊಟ್ಟಿ ಇವರು ಬಡೀತಾರ" ಎಂದು ಒಳಗೆ ಹೋಗಿ ತೊಟ್ಟಿಲ ಪಕ್ಕ ಕೂತಳು.

ಊರಿಗೆ ಊರೇ ಉಣ್ಣಲು ಬಂದಿತ್ತು. ವಹೀದ್ ಬಡಿದ, ನಾನು ಬೇಯಿಸಿದೆ. ಒಳಗೆ ಹೆಂಗಸರು ಹಾಡು ಎತ್ತಿದರು. ಬಾಗಿಲ ಸಂದಿಯಿಂದ ಅಮರಮ್ಮನ ಬೆನ್ನು, ಹಗ್ಗ ಜಗ್ಗುವ ಬಲಗೈ ಕಾಣುತ್ತಿತ್ತು. ನೋಡುತ್ತ ನಿಂತವನಿಗೆ ಹಂಚು ಮರೆತುಹೋಯಿತು.

"ಸೂಗಪ್ಪಾ, ಹತ್ತಿತು ಹತ್ತಿತು!" ಎಂದು ವಹೀದ್ ಚೀರಿದ.

ಹೊಗೆ ಒಳಗೂ ಹೋಯಿತು. ಅಮರಮ್ಮನ ಕೈ ನಿಂತಿತು. ಭುಜ ಎದ್ದಿತು, ಒಂದು ಮಂಡಿ ಮೇಲೆ ಬಂತು. ಇನ್ನೇನು ಹಾರಿ ಬರುತ್ತಾಳೆ ಎಂದುಕೊಂಡೆ.

ಬರಲಿಲ್ಲ. ಮಂಡಿ ಮತ್ತೆ ನೆಲಕ್ಕೆ ಇಳಿಯಿತು. "ಹತ್ತಲಿ ಬಿಡು" ಎಂದು ಗೋಡೆಯ ಆಚೆಗೆ ಕೇಳುವಷ್ಟು ಜೋರಾಗಿ ಹೇಳಿ ಮತ್ತೆ ಹಗ್ಗ ಜಗ್ಗಿದಳು. ಹಾಡಿನ ನಡುವೆ ಅವಳ ದನಿಯೂ ಕೂಡಿತು. ರಾಗ ಅಷ್ಟೇನೂ ಚೆನ್ನಾಗಿರಲಿಲ್ಲ.

ಆ ದಿನ ನನ್ನ ರೊಟ್ಟಿ ಮುರಿದ ಹಿರಿಯರೊಬ್ಬರು "ಇದೇನಪಾ, ಹಪ್ಪಳೇನು?" ಎಂದು ಕೇಳಿದರು. ಹೌದೆಂದೆ.