ಡಬ್ಬಿಯೊಳಗೆ ಹಾಕದ ಒಂದು ಮೊಬೈಲು

ಪುಂಡಲೀಕ ಮಿಸ್ತ್ರಿಯವರು ಕೆಲಸಕ್ಕೆ ಕೈ ಹಚ್ಚುವ ಮೊದಲು ಒಂದು ಸ್ಟೀಲಿನ ಡಬ್ಬಿ ಅಂಗಡಿ ತುಂಬ ತಿರುಗುತ್ತಿತ್ತು. ಅದು ಅವರ ಊಟದ ಡಬ್ಬಿ. ಒಳಗಿನ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಬಾಜೂಕ್ಕಿಟ್ಟು, ಖಾಲಿ ಡಬ್ಬಿಯನ್ನು ಆರತಿ ತಟ್ಟೆಯಂತೆ ಒಬ್ಬೊಬ್ಬರ ಮುಂದೆ ಹಿಡಿಯುತ್ತಿದ್ದರು.

“ಹಾಕ್ರಿ, ಹಾಕ್ರಿ. ಎಲ್ಲಾರೂ ತಮ್ಮ ತಮ್ಮ ಮೊಬೈಲ್ ಇದರಾಗ ಹಾಕ್ರಿ. ಗಾಡಿಗಿ ಒಂದ ಮಾರಿ ಕಾಣಬೇಕು. ಹತ್ತು ಮಾರಿ ಕಂಡ್ರ ಅದಕ್ಕ ತಲಿ ಕೆಡತೈತಿ.”

ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಆಮೇಲೆ ಯಾರ ಕಾರಿನ ಕೆಲಸವೋ ಅವರ ಮೊಬೈಲು ಒಂದೇ ಹೊರಗೆ. ಕೆಲಸ ಮುಗಿದು ನಮ್ಮ ನಮ್ಮ ಮೊಬೈಲು ಕೈಗೆ ಬಂದಾಗ ಶೇಂಗಾ ಚಟ್ನಿಯ ವಾಸನೆ. ಎರಡು ದಿನ ಯಾರ ಫೋನು ಬಂದರೂ ಕಿವಿಗಿಟ್ಟುಕೊಂಡ ಕೂಡಲೇ ಹಸಿವೆಯಾಗುತ್ತಿತ್ತು!

ಕಾರಿಗೂ ಮೊಬೈಲಿಗೂ ಬ್ಲೂಟೂತ್ ಜೋಡಿಸುವುದು ನಮ್ಮ ಬೆಳಗಾವಿಗೆ ಆಗಿನ್ನೂ ಹೊಸದು. ಆಟೋ ನಗರದಲ್ಲಿ ಎಂಜಿನ್ ಬಿಚ್ಚಿ ಕಟ್ಟುವವರಿಗೆ ಬರವಿರಲಿಲ್ಲ. ಈ ಕಣ್ಣಿಗೆ ಕಾಣದ ವೈರಿನ ಕೆಲಸವೆಂದರೆ ಮಾತ್ರ ಎಲ್ಲರೂ ಪುಂಡಲೀಕರತ್ತ ಬೆರಳು ತೋರಿಸುತ್ತಿದ್ದರು. ಹಲಸಿಯ ಹತ್ತಿರದ ಹಳ್ಳಿಯವರು. ದಿನಾ ಖಾನಾಪುರದಿಂದ ಪ್ಯಾಸೆಂಜರ್ ರೈಲಿನಲ್ಲಿ ಬಂದು, ಒಂದು ಕಾರ್ ಟೇಪಿನ ಅಂಗಡಿಯಲ್ಲಿ ಕೆಲಸ ಮಾಡಿ, ಸಂಜೆ ಅದೇ ರೈಲು ಹಿಡಿಯುತ್ತಿದ್ದರು. ಐವತ್ತು ದಾಟಿದ ವಯಸ್ಸು, ಬಿಳಿ ಟೊಪ್ಪಿಗೆ, ಕಿವಿಯ ಮೇಲೆ ಪೆನ್ಸಿಲ್ಲಿನ ಬದಲು ಟೆಸ್ಟರ್. ನಾನು ಈಗ ಅವರು, ಇವರು ಎಂದು ಬರೆಯುತ್ತಿದ್ದೇನೆ. ಆಗ ಮಾತ್ರ ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು “ಏ ಪುಂಡಲೀಕ, ಬಾ ಇಲ್ಲೆ” ಎಂದೇ ಕರೆಯುತ್ತಿದ್ದೆ. ಕೊರಳಲ್ಲಿ ಟೈ ಇತ್ತಲ್ಲ, ಅದರ ಸೊಕ್ಕು.

ನಾನು ಔಷಧಿ ಕಂಪನಿಯ ಪ್ರತಿನಿಧಿ. ವಾರಕ್ಕೆರಡು ಸಲ ಖಾನಾಪುರದ ಡಾಕ್ಟರರನ್ನು ಕಾಣುವುದು ನನ್ನ ಪಾಳಿ. ಒಮ್ಮೆ ಆ ದಾರಿಯಲ್ಲಿ ಫೋನಿನಲ್ಲಿ ಮಾತಾಡುತ್ತ ಒಂದು ಎಮ್ಮೆಗೆ ಇನ್ನೇನು ಗುದ್ದಿಯೇ ಬಿಡುತ್ತಿದ್ದೆ. ಹೆಂಡತಿ ಸುನಂದಾ ಅಂದೇ ಹಟ ಹಿಡಿದಳು. ಹಾಗೆ ನನ್ನ ಹಳೇ ಕಾರಿಗೆ ಬ್ಲೂಟೂತ್ ಸೆಟ್ ಬಂತು.

ಪುಂಡಲೀಕರು ಜೋಡಿಸುವುದನ್ನು ನೋಡಬೇಕಿತ್ತು. ಸೀಟಿನಲ್ಲಿ ಕೂರುವ ಮೊದಲು ಚಪ್ಪಲಿ ಹೊರಗೆ ಬಿಡುತ್ತಿದ್ದರು. ಸೊನ್ನೆಗೆ ಹಳೇ ಸಾಲಿಯಲ್ಲಿ ಕಲಿತವರ ಹಾಗೆ ‘ಪೂಜ್ಯ’ ಎನ್ನುತ್ತಿದ್ದರು. “ನಾಕ ಪೂಜ್ಯ ಒತ್ರಿ ಸರ. ಈಗ ನಿಮ್ಮ ಮೊಬೈಲ್ ಕೇಳತೈತಿ, ‘ಇವರ ಕೂಡ ಕೂಡಲೇನು?’ ಅಂತ. ಹೌದ ಅನ್ರಿ. ಸೋಯರಿಕಿ ಇದ್ದಂಗ್ರಿ ಇದು, ಎರಡೂ ಕಡಿಯಿಂದ ಹೂಂ ಅನಬೇಕು.” ಕಾರಿನ ಸ್ಪೀಕರಿನಲ್ಲಿ ‘ಟುಣ್’ ಎಂದು ಸದ್ದಾದರೆ ತಾವೇ ಬೀಗರ ಕಡೆಯವರೇನೋ ಎಂಬಂತೆ ಎಲ್ಲರಿಗೂ ನಮಸ್ಕಾರ ಮಾಡುತ್ತಿದ್ದರು.

ಅವರದೊಂದು ಕಟ್ಟುನಿಟ್ಟು ಇತ್ತು. ಕಾರಿನ ಸೆಟ್ಟು ಹಿಂದೆ ಜೋಡಿಸಿದ ಮೊಬೈಲುಗಳ ಹೆಸರನ್ನು ನೆನಪಿಟ್ಟುಕೊಂಡಿರುತ್ತದೆ. ಗಿರಾಕಿ ಬಾಯಿಬಿಟ್ಟು ಹೇಳದ ಹೊರತು ಅದರೊಳಗಿನ ಒಂದು ಹೆಸರನ್ನೂ ಅವರು ಅಳಿಸುತ್ತಿರಲಿಲ್ಲ. “ಮಂದಿ ಮನಿ ಹೆಸರ ಅಳಸೂ ಅಧಿಕಾರ ನನಗ ಯಾರ ಕೊಟ್ಟಾರ್ರಿ?” ಎನ್ನುವುದು ಅವರ ಮಾತು.

ವರ್ಷದ ಮೇಲೆ ನಾನು ಹೊಸ ಮೊಬೈಲು ಕೊಂಡೆ. ಅದನ್ನು ಜೋಡಿಸಲು ಹೋದಾಗ ನನ್ನ ಕಂಪನಿಯವನೇ ಆದ ಶಿವಾನಂದ ಜೊತೆಗಿದ್ದ. ಪುಂಡಲೀಕರು ಸೆಟ್ಟಿನ ಪಟ್ಟಿ ನೋಡಿ ಕೇಳಿದರು:

“ಇದರಾಗ ಹಳೇ ಮೊಬೈಲಿನ ಹೆಸರ ಐತ್ರಿ. ಆ ಮೊಬೈಲ್ ಈಗ ಯಾರ ಹತ್ರ ಐತಿ? ಹೆಸರ ಅಳಸೂಣೇನ್ರಿ?”

ನನಗೆ ಮೈಯೆಲ್ಲ ಉರಿಯಿತು. ಯಾಕೆಂದು ಹೇಳಿಬಿಡುತ್ತೇನೆ. ಹಳೇ ಮೊಬೈಲು ನನ್ನದಲ್ಲ, ಕಂಪನಿ ಕೊಟ್ಟದ್ದು. ತಿರುಗಿ ಒಪ್ಪಿಸಬೇಕಿತ್ತು. ನಾನು ‘ಬಸ್ ಸ್ಟ್ಯಾಂಡಿನಲ್ಲಿ ಕಳೆದುಹೋಯಿತು’ ಎಂದು ಬರೆದುಕೊಟ್ಟು, ಅದನ್ನು ಸುನಂದಾಳಿಗೆ ಕೊಟ್ಟಿದ್ದೆ. ಬಾಜೂಕ್ಕೇ ಶಿವಾನಂದ ಕಿವಿ ನಿಮಿರಿಸಿ ನಿಂತಿದ್ದ.

“ಅದು ಕಳದೈತಿ. ಅದರ ಸುದ್ದಿ ತಗೀಬ್ಯಾಡ. ಹೇಳಿದಷ್ಟು ಮಾಡು ನೀ,” ಎಂದು ಜಬರಿಸಿದೆ.

ಅವರು ಹಳೇ ಹೆಸರನ್ನು ಹಾಗೆಯೇ ಬಿಟ್ಟು ಹೊಸದನ್ನು ಜೋಡಿಸಿದರು.

ಮರುದಿನದಿಂದಲೇ ಗೋಳು ಶುರು. ಮನೆಯಿಂದ ಕಾರು ತೆಗೆದರೆ ಮೊಬೈಲು ಕೂಡುತ್ತಿರಲಿಲ್ಲ. ಸಿಟ್ಟಿನಿಂದ ಆಟೋ ನಗರಕ್ಕೆ ಒಯ್ದರೆ ಅಲ್ಲಿ ‘ಟುಣ್’ ಎಂದು ಮೊದಲ ಸಲಕ್ಕೇ ಕೂಡುತ್ತಿತ್ತು! ಮನೆಗೆ ಬಂದರೆ ಮತ್ತದೇ ಹಣೆಬರಹ. ಮೂರು ಸಲ ಹೀಗಾಯಿತು. ಮೂರನೇ ಸಲ ಪುಂಡಲೀಕರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

“ನನ್ನ ಮುಂದ ಶಾಣ್ಯಾ ಆಗಿ ನಡೀತೈತ್ರಿ, ನಿಮ್ಮನಿಗಿ ಹೋದ್ರ ಹಟ ಮಾಡತೈತಿ. ಅಂದಮ್ಯಾಲ ಸೆಟ್ಟಿನ್ಯಾಗ ದೋಷ ಇಲ್ರಿ, ಮನ್ಯಾಗ ಏನೋ ಐತಿ. ಒಂದ ಮುಂಜಾನಿ ನಾನ ನಿಮ್ಮನಿಗಿ ಬರಲೇನ್ರಿ ಸರ? ನೋಡತೀನಿ.”

“ನನ್ನ ಮನ್ಯಾಗ ದೋಷ ಹುಡಕಾಕ ಬರ್ತಿ ಏನು?” ಎಂದು ಹಾರಿಬಿದ್ದೆ. ನನ್ನ ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಅವತ್ತು ಸಂಜೆ ಶಿವಾನಂದನ ಮುಂದೆ ನನ್ನ ತರ್ಕವನ್ನೆಲ್ಲ ಹರವಿದೆ: ಹೊಸ ಮೊಬೈಲು ಜೋಡಿಸುವ ನೆಪದಲ್ಲಿ ಆ ಮಿಸ್ತ್ರಿ ನನ್ನ ಸೆಟ್ಟು ಬಿಚ್ಚಿದ್ದಾನೆ, ಒಳ್ಳೆಯದನ್ನು ಹೊಡೆದುಕೊಂಡು ಯಾರದೋ ಹಳೇದನ್ನು ಕೂಡಿಸಿದ್ದಾನೆ. ಒಂದು ಸಾಕ್ಷಿಯಿಲ್ಲ, ಪುರಾವೆಯಿಲ್ಲ. ಹೇಳುತ್ತ ಹೇಳುತ್ತ ನನಗೇ ಖರೇ ಅನ್ನಿಸಿತು.

ನಾಲ್ಕನೇ ಸಲ ಹೋದದ್ದು ಒಂದು ಶನಿವಾರ. ಅಂಗಡಿಯಲ್ಲಿ ಐದಾರು ಮಂದಿ ಗಿರಾಕಿಗಳು, ಮಾಲಕರೂ ಕುರ್ಚಿಯಲ್ಲಿ ಕುಳಿತಿದ್ದರು. ಡಬ್ಬಿ ಸುತ್ತು ಹೊಡೆಯಿತು, ನನ್ನದೊಂದು ಬಿಟ್ಟು ಎಲ್ಲರ ಮೊಬೈಲುಗಳೂ ಅದರೊಳಗೆ ಹೋದವು. ಪುಂಡಲೀಕರು ಕಾರಿನೊಳಗೆ ಕುಳಿತು ಸೆಟ್ಟು ಬಂದ್ ಮಾಡಿ ಚಾಲೂ ಮಾಡತೊಡಗಿದರು. ಕಾರಿನ ನಾಲ್ಕೂ ಬಾಗಿಲು ತೆರೆದಿದ್ದವು. ಅಷ್ಟರಲ್ಲಿ ಶಿವಾನಂದನ ಫೋನು ಬಂತು. ನಾನು ನಾಲ್ಕು ಹೆಜ್ಜೆ ಆಚೆ ಹೋಗಿ, ಬೆನ್ನು ತಿರುಗಿಸಿ, “ಹೂಂ, ಅಲ್ಲೇ ಬಂದೀನಿ” ಎಂದೆ. ಇದ್ದಕ್ಕಿದ್ದಂತೆ ಕಿವಿಯಲ್ಲಿ ಸದ್ದಡಗಿತು. ಹಲೋ ಎಂದೆ. ಹಲೋ ಹಲೋ ಎಂದು ಒದರಿದೆ.

ಆಗ ನನ್ನ ಬೆನ್ನ ಹಿಂದಿನಿಂದ, ಕಾರಿನ ನಾಲ್ಕೂ ಸ್ಪೀಕರುಗಳಿಂದ, ಶಿವಾನಂದನ ದನಿ ಕೇಳಿಬಂತು. ಮಾತಿನ ನಡುವೆಯೇ ಜೋಡಣೆ ಕೂಡಿ ಫೋನು ಕಾರಿಗೆ ಹೋಗಿಬಿಟ್ಟಿತ್ತು.

“ಲೇ ಬಸೂ, ನೀ ಹೇಳಿದ್ದ ಬರೋಬರಿ ಐತಿ. ಆ ಖಾನಾಪುರದ ಮಿಸ್ತ್ರಿ ಕಳ್ಳನ ಅದಾನ. ಚಲೋ ಸೆಟ್ ಹೊಡಕೊಂಡು ಹಳೇದ ಕೂಡಿಸ್ಯಾನ ಅಂದಿಯಲ್ಲ, ಅದನ್ನ ಮಾಲಕಗ ಹೇಳು. ಬಿಡಬ್ಯಾಡ!”

ಮಾಲಕರು ಕುರ್ಚಿಯಿಂದ ಎದ್ದು ನನ್ನನ್ನೂ ಪುಂಡಲೀಕರನ್ನೂ ನೋಡಿದರು. “ಹೌದೇನ್ರಿ ಸರ?” ಎಂದು ನನ್ನನ್ನೇ ಕೇಳಿದರು. ನಾನು ಇಲ್ಲ ಎನ್ನಬಹುದಿತ್ತು. ಸುಮ್ಮನೆ ನಿಂತೆ. ಸುಮ್ಮನೆ ನಿಂತದ್ದೇ ಹೌದು ಎಂದಂತಾಯಿತು.

ಪುಂಡಲೀಕರು ಸೆಟ್ಟಿನ ಸಣ್ಣ ಪರದೆಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ನುಂಗಿಕೊಂಡರು. ಕೆಳಗಿಳಿದು ಚಪ್ಪಲಿ ಮೆಟ್ಟಿಕೊಂಡು ಇಷ್ಟೇ ಅಂದರು: “ಕೂಡೇತ್ರಿ ಸರ. ಧ್ವನಿ ಸ್ವಚ್ಛ ಬರಾಕತ್ತೈತಿ.”

ಡಬ್ಬಿ ತೆರೆದು ಒಬ್ಬೊಬ್ಬರ ಮೊಬೈಲನ್ನೂ ಅವರವರ ಕೈಗೆ ಕೊಟ್ಟರು. ಅರಿವೆಯಲ್ಲಿದ್ದ ರೊಟ್ಟಿಯನ್ನು ಮತ್ತೆ ಡಬ್ಬಿಯೊಳಗಿಟ್ಟರು. ಉಣ್ಣಲಿಲ್ಲ. ಸೋಮವಾರದಿಂದ ಅವರು ಆಟೋ ನಗರಕ್ಕೆ ಬರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಹದಿನೈದು ದಿನ ಕಳೆದಿರಬೇಕು. ಒಂದು ಮುಂಜಾನೆ ಅಂಗಳದಲ್ಲಿ ಕಾರು ಚಾಲೂ ಮಾಡಿ ಕುಳಿತಿದ್ದೆ. ಒಮ್ಮೆಲೇ ಕಾರಿನೊಳಗೆ ನನ್ನ ಅತ್ತೆಯ ದನಿ ಗುಡುಗಿತು: “ಏ ಸುನಂದಾ, ಅಳಿಯಂದ್ರು ನಾಷ್ಟಾ ಮಾಡಿದ್ರೇನು? ಅಕ್ಕಿ ಮುಗದೈತಿ ಅಂದಿದ್ದಿ, ಕಳಸ್ಲೇನು?” ಅತ್ತ ಅಡಿಗೆಮನೆಯಲ್ಲಿ ಸುನಂದಾ ಮೊಬೈಲನ್ನು ಕಿವಿಗೊತ್ತಿಕೊಂಡು, “ಅವ್ವಾ, ಏನೂ ಕೇಳವಲ್ದು, ಜೋರಾಗಿ ಹೇಳು!” ಎಂದು ಕೂಗುತ್ತಿದ್ದಳು.

ಮೊದಲು ನಗು ಬಂತು. ಆಮೇಲೆ ಗಾಡಿ ಬಂದ್ ಮಾಡಿ ಗೋಡೆಯತ್ತ ನೋಡಿದೆ. ಅಡಿಗೆಮನೆಯ ಗೋಡೆಯ ಆಚೆಗೇ ನನ್ನ ಕಾರು ನಿಲ್ಲುತ್ತದೆ. ಕಾರು ದಿನಾ ಎದ್ದ ಕೂಡಲೇ ತನ್ನ ಹಳೇ ಗುರುತಿನ ಮೊಬೈಲನ್ನು ಹುಡುಕಿ ಅದನ್ನೇ ಅಪ್ಪಿಕೊಳ್ಳುತ್ತಿತ್ತು. ಆ ಮೊಬೈಲು ಆಟೋ ನಗರಕ್ಕೆ ಬರುತ್ತಿರಲಿಲ್ಲ, ಅದಕ್ಕೇ ಅಲ್ಲಿ ಎಲ್ಲವೂ ಸರಿ. ಕಳೆದುಹೋಯಿತೆಂದು ನಾನು ಸುಳ್ಳು ಬರೆದುಕೊಟ್ಟ ಮೊಬೈಲು! ಕಳ್ಳತನ ಮಾಡಿದವನು ನಾನು, ಕಳ್ಳನೆಂಬ ಹೆಸರು ಹೊತ್ತು ಹೋದವರು ಪುಂಡಲೀಕರು.

ಅಂದೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಅಂಗಡಿಯಲ್ಲಿ ಹೇಳಿದರೆ ಶಿವಾನಂದನಿಗೆ ಗೊತ್ತಾಗುತ್ತದೆ, ಅವನಿಂದ ಕಂಪನಿಗೆ, ಆಮೇಲೆ ನನ್ನ ನೌಕರಿಗೆ ಎಳ್ಳುನೀರು. ಗುಟ್ಟಾಗಿ ನಾನೇ ಆ ಹಳೇ ಹೆಸರು ಅಳಿಸಿದೆ. ಶಿವಾನಂದ ಕೇಳಿದಾಗ, “ಬ್ಯಾರೆ ಕಡೆ ರಿಪೇರಿ ಮಾಡಿಸಿದೆ” ಎಂದು ಇನ್ನೊಂದು ಸುಳ್ಳು ಪೋಣಿಸಿದೆ. ಎಂಥ ಹೇಡಿ ನಾನು.

ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ಪುಂಡಲೀಕರು ತಗಡಿನ ಶೆಡ್ಡು ಹಾಕಿ ಮಿಕ್ಸರ್, ಇಸ್ತ್ರಿಪೆಟ್ಟಿಗೆ ರಿಪೇರಿಗೆ ಕುಳಿತಿದ್ದರು. ವಾರಕ್ಕೆರಡು ಸಲ ಅದರ ಮುಂದೆಯೇ ನನ್ನ ದಾರಿ. ಬಹಳ ದಿನ ಮುಖ ಆಚೆ ತಿರುಗಿಸಿಕೊಂಡು ಹೋದೆ. ಒಂದು ಮಧ್ಯಾಹ್ನ ತಡೆಯಲಾಗದೆ ಗಾಡಿ ನಿಲ್ಲಿಸಿ ಇಳಿದೆ.

“ಬರ್ರಿ ಸರ, ಕುಂದರ್ರಿ,” ಎಂದು ಸ್ಟೂಲಿನ ಧೂಳು ಝಾಡಿಸಿದರು. ಬಾಜೂ ಅಂಗಡಿಯವನಿಗೆ ಮರಾಠಿಯಲ್ಲಿ ಎರಡು ಚಹಾ ಹೇಳಿದರು. ಆಮೇಲೆ, ನಿನ್ನೆಯಷ್ಟೇ ಭೇಟಿಯಾದವರಂತೆ, “ಮೊಬೈಲ್ ಈಗ ಕೂಡತೈತ್ರಿ? ಮನ್ಯಾಗ ಇರೂ ಹಳೇದರ ಹೆಸರ ಅಳಸಿದ್ರೇನು?” ಎಂದರು.

“ನಿಮಗ ಹೆಂಗ ಗೊತ್ತು?” ಮೊದಲ ಸಲ ನನ್ನ ಬಾಯಲ್ಲಿ ‘ನಿಮಗ’ ಎಂದು ಬಂತು.

“ಯಾವ ಮೊಬೈಲ್ ಯಾವಾಗ ಕೂಡಿತ್ತು ಅಂತ ಪರದೆ ಮ್ಯಾಲ ಬರತೈತ್ರಿ. ಅವತ್ತ ಶನಿವಾರ ನೋಡಿದೆ. ಅದ ದಿನ ಮುಂಜಾನಿ ಹಳೇ ಮೊಬೈಲ್ ಗಾಡಿಗಿ ಕೂಡಿತ್ತು. ಕಳದ ಮೊಬೈಲ್ ನಿಮ್ಮನಿ ಮುಂದ ಹೆಂಗ ಕೂಡತೈತ್ರಿ?”

“ಮತ್ತ ಅವತ್ತ ಯಾಕ ಹೇಳ್ಲಿಲ್ಲ?”

“ಹೇಳ್ತಿದ್ನಿರಿ. ಬಾಯಿಗಿ ಬಂದಿತ್ತು. ನಿಮ್ಮ ಮಾರಿ ಸುಣ್ಣಾ ಬಳದಂಗ ಆಗಿತ್ತು. ಹೇಳಿದ್ರ ಆ ಕಳ್ಳ ಅನ್ನೂ ಮಾತು ನನ್ನ ಬಿಟ್ಟು ನಿಮ್ಮ ಮ್ಯಾಲ ಕುಂದರತಿತ್ತು. ಅಷ್ಟು ಮಂದಿಯೊಳಗ... ಆಗಲಿಲ್ರಿ ನನ್ನ ಕಡಿಂದ.”

ನಾನು ಅವರ ಕೈ ಹಿಡಿದೆ. “ತಪ್ಪಾತ್ರಿ ಮಿಸ್ತ್ರಿ. ಭಾಳ ದೊಡ್ಡ ತಪ್ಪಾತು.”

ಅವರು ಕೈ ಬಿಡಿಸಿಕೊಳ್ಳಲಿಲ್ಲ. ಸಿಟ್ಟೂ ಮಾಡಲಿಲ್ಲ. “ನಾ ಕದ್ದಿಲ್ಲ ಅನ್ನೂದು ನನಗ ಗೊತ್ತೈತ್ರಿ ಸರ. ನನಗ್ಯಾಕ ಹೇಳ್ತೀರಿ? ಆಟೋ ನಗರದಾಗ ಹೇಳ್ರಿ. ಅಲ್ಲೆ ಇಪ್ಪತ್ತೆರಡು ವರ್ಷ ದುಡದೀನಿ,” ಎಂದರು.

“ನಾಳೇನ ಹೇಳ್ತೀನಿ,” ಎಂದೆ. ಚಹಾ ಕುಡಿದು ಎದ್ದೆ. ಅದೇ ಕಡೆಯ ಭೇಟಿ. ಆಮೇಲೆ ಖಾನಾಪುರಕ್ಕೆ ಹೋದರೂ ಸ್ಟೇಷನ್ ರಸ್ತೆ ತಪ್ಪಿಸಿ ಬೇರೆ ದಾರಿ ಹಿಡಿಯುತ್ತಿದ್ದೆ.

ಆ ನಾಳೆ ಬರಲು ಹನ್ನೊಂದು ತಿಂಗಳು ಬೇಕಾಯಿತು. ಆ ಕಂಪನಿ ಬಿಟ್ಟು ಬೇರೆಯದನ್ನು ಸೇರಿದ ಮೇಲೆ ಆಟೋ ನಗರಕ್ಕೆ ಹೋದೆ. ಧೈರ್ಯ ಬಂದು ಹೋದದ್ದಲ್ಲ. ಹೇಳಿದರೆ ಕಳೆದುಕೊಳ್ಳುವುದು ಏನೂ ಉಳಿದಿರಲಿಲ್ಲ. ಅಂಗಡಿಯಲ್ಲಿ ಮಾಲಕರು ಅವರೇ. ಕೆಲಸಗಾರರು ಹೊಸಬರು.

“ಪುಂಡಲೀಕ?” ಎಂದು ಮಾಲಕರು ಹುಬ್ಬು ಗಂಟಿಕ್ಕಿದರು. “ಹಾಂ, ಆ ಸೆಟ್ ಕದ್ದಾಂವ ಹೌದಿಲ್ಲೋ?”

ಇಪ್ಪತ್ತೆರಡು ವರ್ಷದ ದುಡಿಮೆಯಲ್ಲಿ ಉಳಿದದ್ದು ನಾನು ಅಂಟಿಸಿದ ಆ ಒಂದು ಮಾತು. ಗಿರಾಕಿಗಳೆಲ್ಲ ಕೇಳುವಂತೆ, ಗಟ್ಟಿಯಾಗಿ, ಮೊದಲಿನಿಂದ ಕಡೆಯವರೆಗೂ ಹೇಳಿದೆ. ಮೊಬೈಲು ಕದ್ದದ್ದು, ಸುಳ್ಳು ಬರೆದದ್ದು, ಸುಮ್ಮನೆ ನಿಂತದ್ದು. ಮಾಲಕರು ಎಲ್ಲ ಕೇಳಿಸಿಕೊಂಡರು. “ಚಲೋ ಮನಷ್ಯಾ ಇದ್ದ. ಅವತ್ತ ನೀವು ಇಲ್ಲ ಅಂದಿದ್ರ ಸಾಕಿತ್ತಲ್ರಿ,” ಎಂದರು.

ಅಲ್ಲಿಂದ ಎಲ್ಲೂ ನಿಲ್ಲದೆ ಖಾನಾಪುರಕ್ಕೆ ಹೋದೆ. ತಗಡಿನ ಶೆಡ್ಡಿನಲ್ಲಿ ಒಬ್ಬ ಹೆಣ್ಣುಮಗಳು ಬಾಳೆಹಣ್ಣು ಮಾರುತ್ತಿದ್ದಳು. ಬಾಜೂ ಚಹಾ ಅಂಗಡಿಯವನನ್ನು ಕೇಳಿದೆ.

“ಮಿಸ್ತ್ರಿ ಹ್ವಾದ್ರಲ್ರಿ. ಮಗಳು ಗೋವಾದಾಗ ಇರತಾಳ, ಮನಿಮಂದಿ ಎಲ್ಲಾ ಅಲ್ಲೇ ಹ್ವಾದ್ರು. ನಾಕ ತಿಂಗಳ ಆತು. ಗೋವಾದಾಗ ಎಲ್ಲೆ ಅಂತ ನನಗ ಗೊತ್ತಿಲ್ರಿ. ‘ಬೆಳಗಾವಿಯಿಂದ ಒಬ್ರು ಸಾಹೇಬರು ಬಂದು ಏನರ ಹೇಳಿ ಹೋದ್ರೇನು?’ ಅಂತ ಆವಾಗಾವಾಗ ಕೇಳತಿದ್ರು. ನೀವ ಏನ್ರಿ ಅವರು?”

ಹೌದೆಂದು ತಲೆಯಾಡಿಸಿದೆ. “ಅವರ ನಂಬರ್ ಐತೇನು?” ಎಂದು ಮೊಬೈಲು ಕೈಯಲ್ಲಿ ಹಿಡಿದು ಕೇಳಿದೆ.

ಅವನು ನಕ್ಕುಬಿಟ್ಟ. “ಏ, ಊರ ಮಂದಿ ಮೊಬೈಲ್ ಕೂಡಿಸ್ಯಾರ ಖರೇ. ಅವರ ಹತ್ರ ಎಲ್ಲಿತ್ರಿ ಮೊಬೈಲ್?”