ಅಕ್ಕನ ಪಾಲಿನ ಸೊಪ್ಪು

ಜೀವಸತ್ವವೆಂದರೆ ಬಣ್ಣದ ಮಾತ್ರೆಯೆಂದೇ ನಂಬಿದ್ದ ನಮ್ಮ ಆಸ್ಪತ್ರೆಗೆ, ಅದು ಸೊಪ್ಪು, ಬೇಳೆ, ಎಳ್ಳು, ಮೊಟ್ಟೆಗಳ ರೂಪದಲ್ಲಿ ತಟ್ಟೆಗೇ ಬರುತ್ತದೆಂದು ಮನದಟ್ಟು ಮಾಡಿಸಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಆಹಾರತಜ್ಞೆ. ರೋಗಿಗಳ ಬಾಯಲ್ಲಿ ಅವರು ‘ಪಥ್ಯದ ಮೇಡಂ’. ಪ್ರಯೋಗಾಲಯದವನಾದ ನನಗೂ ಅವರಿಗೂ ಇದ್ದದ್ದು ರಕ್ತಸಂಬಂಧ: ರಕ್ತ ನಾನು ನೋಡುತ್ತಿದ್ದೆ, ಸಂಬಂಧ ಅವರು ಬೆಳೆಸುತ್ತಿದ್ದರು.

ಸೇವೆಗೆ ಸೇರಿದ ಹೊಸತರಲ್ಲಿ ಅವರು ಮೊದಲು ಹೋದದ್ದು ವಾರ್ಡಿಗಲ್ಲ, ಅಡುಗೆಮನೆಗೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಲು ಹೊರಟಿದ್ದ ಹಿರಿಯ ಅಡುಗೆಯವರನ್ನು ತಡೆದು, “ಅಣ್ಣಾ, ಸತ್ವ ಎಲ್ಲ ಮೋರಿಗೆ ಹಾಕಿ ರೋಗಿಗೆ ನಾರು ಬಡಿಸ್ತೀರಲ್ಲ! ಹೀಗಾದ್ರೆ ಮೋರಿ ಗುಣವಾಗಿ ಮನೆಗೆ ಹೋಗುತ್ತೆ” ಎಂದರಂತೆ. ಅಂದಿನಿಂದ ಆ ನೀರು ಸೂಪಾಯಿತು. ಊಟದ ಬೆನ್ನಿಗೇ ಚಹಾ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತದೆಂದು ದೊಡ್ಡ ಡಾಕ್ಟರ ಕೈಯಿಂದಲೂ ಲೋಟ ಕಸಿದವರು ಅವರು. ಯಾರೇ ಎದುರಾದರೂ ಕೆಳರೆಪ್ಪೆ ಎಳೆದು, ಒಳಗೆ ಕೆಂಪಿದೆಯೇ ಎಂದು ನೋಡುವುದೇ ಅವರ ನಮಸ್ಕಾರ. ನಾನು ಅವರ ದನಿಯನ್ನು ಅಣಕಿಸುವುದು ಗೊತ್ತಾದಾಗ ಬೈಯದೆ ಮಕ್ಕಳ ವಾರ್ಡಿಗೆ, ಊಟ ಒಲ್ಲದ ಹುಡುಗಿಯೊಬ್ಬಳ ಬಳಿಗೆ ಎಳೆದೊಯ್ದರು: “ನನ್ ಥರ ಮಾತಾಡಿ ಇವಳ ಬಾಯಿ ಬಿಡ್ಸು ನೋಡೋಣ. ನಾನ್ ಹೇಳಿದ್ರೆ ಹಲ್ಲು ಕಚ್ಕೊಂಡ್ ಕೂತಿದಾಳೆ.” ನಾನು ಅಣಕಿಸಿದೆ, ಮಗು ನಕ್ಕಿತು, ತೆರೆದ ಬಾಯಿಗೆ ತುತ್ತು ಅವರೇ ಇಟ್ಟರು.

ಮನೆಯಲ್ಲಿ ಅವರಿಗಿದ್ದವರು ಅಕ್ಕ ಒಬ್ಬರೇ. ದಿನವೂ ತಂಗಿಯ ಡಬ್ಬಿಗೆ ಸೊಪ್ಪು, ಕಾಳು, ನಿಂಬೆಹೋಳು ತುಂಬುತ್ತಿದ್ದವರು. ಕಳೆದ ವರ್ಷ, ತಂಗಿ ಮರೆತುಬಂದ ಡಬ್ಬಿ ತಂದುಕೊಡಲು ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕುಳಿತುಬಿಟ್ಟರು. ಮೇಡಂ ಅಭ್ಯಾಸಬಲದಿಂದ ರೆಪ್ಪೆ ಎಳೆದರು. ಒಳಗೆ ಸುಣ್ಣದ ಬಿಳುಪು.

“ಮಧ್ಯಾಹ್ನ ಏನ್ ತಿಂತೀಯೇ ನೀನು?”

“ಉಳಿದ ಬ್ರೆಡ್ ಇರುತ್ತಲ್ಲ, ಚಹಾಗೆ ಅದ್ಕೋತೀನಿ. ಸೊಪ್ಪು ನಿನ್ ಡಬ್ಬಿಗೇ ಸರಿಹೋಗುತ್ತೆ. ನೀನು ಹತ್ತು ಜನಕ್ಕೆ ಬೇಕಾದೋಳು ಕಣೇ.”

ಆ ರಕ್ತ ಪರೀಕ್ಷಿಸಿದವನು ನಾನು. ವರದಿಯನ್ನು ಮೇಡಂ ಕೈಗೆ ಕೊಟ್ಟವನೂ ನಾನೇ. ವರ್ಷಗಟ್ಟಲೆಯ ರಕ್ತಹೀನತೆ ಹೃದಯವನ್ನೂ ದಣಿಸಿತ್ತು. “ಊರವ್ರ ಕಣ್ಣೆಲ್ಲ ನೋಡ್ದೆ. ದಿನಾ ನನ್ ದಾರಿ ಕಾಯ್ತಿದ್ದ ಕಣ್ಣು ನೋಡ್ಲಿಲ್ಲ” ಎಂದಷ್ಟೇ ಮೇಡಂ ಅಂದರು.

ಸೇವಾವಧಿಯ ವಿಸ್ತರಣೆಯನ್ನು ಅವರು ನಿರಾಕರಿಸಿದಾಗ ನಾವೆಲ್ಲ ಮುನಿಸಿಕೊಂಡೆವು. ಆದರೆ ಮನೆಗೆ ಹೊರಟವರನ್ನು “ಇನ್ನೊಬ್ಬರೇ ಮೇಡಂ, ನೋಡಿಬಿಟ್ಟು ಹೋಗಿ” ಎಂದು ಸಂಜೆಸಂಜೆಯೂ ನಿಲ್ಲಿಸಿಕೊಂಡವರು ನಾವೇ. ಅಕ್ಕ ಮೊದಲಿನಂತಾಗುವರೆಂದು ವೈದ್ಯರು ಮಾತು ಕೊಟ್ಟಿಲ್ಲ. ಮೇಡಂ ಇನ್ನು ಅವರೆದುರು ಕುಳಿತು, ಅವರು ಉಂಡ ಮೇಲೆಯೇ ತಾವು ಉಣ್ಣುವರಂತೆ.

ಅವರ ವಿದ್ಯೆಗೆ ನಿವೃತ್ತಿ ಬಾರದಿರಲಿ. ಆಯುರಾರೋಗ್ಯವನ್ನೂ ಮನಸಾರೆ ಹಾರೈಸುತ್ತೇನೆ; ಆದರೆ ಆ ಹಾರೈಕೆಗೆ ಅವರು ಕೈ ಅಡ್ಡ ಹಿಡಿದು ಹೇಳುವ ಮಾತು ನನಗೀಗಲೇ ಕೇಳಿಸುತ್ತಿದೆ: “ನಂಗೆ ಸಾಕಪ್ಪ, ಅಕ್ಕನಿಗೆ ಬಡಿಸು.”