ಕ್ಯಾಸೆಟ್ಟಿನೊಳಗಿನ ಜಿಂಕೆ

ಸೌದಿಯ ಅಲ್ ಖರ್ಜ್‌ನ ತೋಟದಲ್ಲಿ ಪಂಪು ನೋಡಿಕೊಳ್ಳುತ್ತಿದ್ದ ನಮ್ಮೂರ ಕಡೆಯ ಹಿರಿಯರೊಬ್ಬರು ನಮ್ಮ ಕೋಣೆಯಲ್ಲೇ ಇದ್ದರು. ಎಂಬತ್ತರ ದಶಕದಲ್ಲಿ ಊರಿಗೆ ಮಾತು ಕಳಿಸುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ. ಶುಕ್ರವಾರ ಅವರು ಮಗಳಿಗಾಗಿ ಟೇಪ್‌ರೆಕಾರ್ಡರ್ ಮುಂದೆ ಕೂತರೆ ನಾವು ತಟ್ಟೆಯ ಸದ್ದೂ ಮಾಡುವಂತಿರಲಿಲ್ಲ.

ತಮ್ಮ ವಿಷಯ ಒಂದೂ ಹೇಳುತ್ತಿರಲಿಲ್ಲ. ತೋಟದ ಧಣಿ ಕಫೀಲ್ ತಂತಿಬೇಲಿಯೊಳಗೆ ಸಾಕಿದ್ದ ಜಿಂಕೆಯದ್ದೇ ಕತೆ. "ಬೆಳಿಗ್ಗೆ, ಬಿಸಿಲು ಏರುವ ಮೊದಲು, ಮೆಲ್ಲ ಮೆಲ್ಲ ಬೇಲಿ ಹತ್ರ ಬರ್ತದೆ. ಕಿವಿ ಹಿಂದೆ ಮಾಡಿ, ನನ್ನ ಕೈಯಿಂದಲೇ ಖರ್ಜೂರ ತಿಂತದೆ."

"ಜಿಂಕೆ ತಿಂತದೆ ಅಂದ್ರೆ ಸಾಲದಾ?" ಎಂದು ನಾನೊಮ್ಮೆ ಕೇಳಿದೆ.

"ಹೇಗೆ ಅಂತ ಹೇಳದಿದ್ರೆ ಮಗುವಿಗೆ ಕಾಣುದಿಲ್ಲ ಮಾರಾಯ." ಅದು ಅವರ ಖಾಯಂ ಮಾತು.

ಊರಿಗೆ ಹೋಗಿ ಬಂದವರೊಬ್ಬರು ಒಮ್ಮೆ ಮಗಳ ಕ್ಯಾಸೆಟ್ ತಂದುಕೊಟ್ಟರು. ಇವರು ಊಟಕ್ಕೆ ಕೂತಲ್ಲೇ ಅದನ್ನು ಹಾಕಿದರು.

"ಅಪ್ಪ, ಜಿಂಕೆ ನಂಗೆ ಈಗ ಸರಿ ಕಾಣ್ತದೆ. ನೀವೇ ಕಾಣುದಿಲ್ಲ. ನೀವು ಎಲ್ಲಿ ಕೂತು, ಹೇಗೆ ಊಟ ಮಾಡ್ತೀರಿ?"

ಅವರು ಅನ್ನ ಕಲಸುತ್ತಿದ್ದರು. ಎಡಗೈಯಿಂದಲೇ ಹೊಸ ಕ್ಯಾಸೆಟ್ ಹಾಕಿ, ರೆಕಾರ್ಡ್ ಗುಂಡಿ ಒತ್ತಿ, "ಕಿಟಕಿ ಹತ್ರ, ಕಾಲು ಮಡಚಿ, ನಿಧಾನ..." ಎಂದು ಶುರುಮಾಡಿದರು.

"ನಿಧಾನವಾ? ಮೀನೆಲ್ಲ ಖಾಲಿ ಮಾಡಿದ್ದು ಯಾರು?" ಎಂದುಬಿಟ್ಟೆ.

ಕೋಣೆಯಿಡೀ ನಕ್ಕಿತು, ಅವರೂ ನಕ್ಕರು. ಆ ಕ್ಯಾಸೆಟ್ ನಗುವಿನ ಸಮೇತ ಊರಿಗೆ ಹೋಯಿತು.